ಮನೆಯ ವೈ-ಫೈಗೆ ಬೀಗ

ಕೊಲ್ಹಾಪುರ, ಗಡಹಿಂಗ್ಲಜಗಳ ನಮ್ಮ ಮನೆಗಳಲ್ಲಿ ಇಂಟರ್‌ನೆಟ್ ಸಂಪರ್ಕವು ಸಾಮಾನ್ಯವಾಗಿ ಹಿರಿಯರ ಹೆಸರಿನಲ್ಲಿರುತ್ತದೆ. ಅದರ ಬಳಕೆಯೆಲ್ಲ ಮಕ್ಕಳ ಕೈಯಲ್ಲಿ. ಹೆಸರು ಯಾರದೋ ಹೊಣೆಯೂ ಅವರದೇ ಎಂಬುದನ್ನು ನಾವು ಮರೆಯುತ್ತೇವೆ. ವೈ-ಫೈ ಗೋಡೆಯನ್ನು ಅರಿಯದು. ಇಚಲಕರಂಜಿಯ ಒತ್ತೊತ್ತಾದ ಮಗ್ಗದ ಪೇಟೆಗಳಲ್ಲಿ ಒಂದು ಮನೆಯ ಅಲೆಗಳು ಎದುರಿನ ಚಹಾದಂಗಡಿಯವರೆಗೂ ಹೋಗುತ್ತವೆ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷಗಳ ಮುನ್ನ ಸುದ್ದಿಸಂಸ್ಥೆಗಳಿಗೆ ಒಂದು ಇ-ಮೇಲ್ ಬಂದಿತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನಮ್ಮದೇ ರಾಜ್ಯದ ನವಿ ಮುಂಬಯಿಯ ಸಾನಪಾಡಾದಲ್ಲಿದ್ದ ಒಂದು ಮನೆಗೆ. ಅಲ್ಲಿ ವಾಸವಾಗಿದ್ದ ಅಮೆರಿಕದ ಗೃಹಸ್ಥರಿಗೂ ಆ ಕೃತ್ಯಕ್ಕೂ ಸಂಬಂಧವಿರಲಿಲ್ಲ. ಬೀಗವಿಲ್ಲದ ಅವರ ವೈ-ಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಆದರೂ ಗಣಕಯಂತ್ರಗಳ ತಪಾಸಣೆ, ವಿಚಾರಣೆ ಅವರಿಗೆ ತಪ್ಪಲಿಲ್ಲ.

ಆದುದರಿಂದ ಬೀಗ ಬೇಕು. ಬೀಗವೆಂದರೆ ಇಲ್ಲಿ ಗೂಢಲಿಪಿ: ಫೋನೂ ರೌಟರೂ ಆಡುವ ಮಾತು ಗುಪ್ತಪದ ಬಲ್ಲವರಿಗೆ ಹೊರತು ಅರ್ಥವಾಗದಂತೆ ಮಾಡುವ ಏರ್ಪಾಡು. 1997ರ ‘ವೆಪ್’ ಎಂಬ ಮೊದಲ ಬೀಗದ ದೋಷವು 2001ರಲ್ಲೇ ಬಯಲಾಯಿತು; ಅದನ್ನು ಈಗ ನಿಮಿಷಗಳಲ್ಲಿ ಒಡೆಯಬಹುದು. 2004ರ ಡಬ್ಲ್ಯುಪಿಎ-2 ಇಲ್ಲವೆ 2018ರ ಡಬ್ಲ್ಯುಪಿಎ-3 ಇರಲಿ.

ರೌಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯನ್ನು ನೋಡಿರಿ. ಅಲ್ಲಿ 192.168.1.1ರಂಥ ಒಂದು ವಿಳಾಸವಿರುತ್ತದೆ. ಮನೆಯ ವೈ-ಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಅದನ್ನು ಬರೆದರೆ ರೌಟರಿನ ಪುಟ ತೆರೆಯುವುದು. ಮೊದಲು ಆ ಪುಟದ ಪಾಸ್‌ವರ್ಡನ್ನೇ ಬದಲಿಸಿರಿ. ಬಳಿಕ ‘ವೈರ್‌ಲೆಸ್ ಸೆಕ್ಯುರಿಟಿ’ ಎಂಬಲ್ಲಿ ಡಬ್ಲ್ಯುಪಿಎ-2 (ಎಇಎಸ್) ಆರಿಸಿರಿ. ಡಬ್ಲ್ಯುಪಿಎಸ್ ಎಂಬ ಸುಲಭ ಬಾಗಿಲನ್ನು ಮುಚ್ಚಿರಿ. ಅದರ 8 ಅಂಕಿಗಳ ಸಂಖ್ಯೆಯನ್ನು ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಕಂಡುಹಿಡಿಯಬಹುದೆಂದು 2011ರಲ್ಲಿ ತಿಳಿದುಬಂದಿತು. ವೈ-ಫೈಯ ಹೆಸರನ್ನು ಅಡಗಿಸಿದರೆ ಸಾಕೆನ್ನುವವರಿದ್ದಾರೆ. ಅದು ಮನೆ ತೆರೆದಿಟ್ಟು ನಾಮಫಲಕ ತೆಗೆದಂತೆ.

ನಮ್ಮವರು ಎಡವುವುದು ಗುಪ್ತಪದದಲ್ಲಿ. ಮೊಬೈಲ್ ಸಂಖ್ಯೆಯನ್ನೇ ಇಟ್ಟುಬಿಡುತ್ತಾರೆ. ಆರು, ಏಳು, ಎಂಟು, ಒಂಬತ್ತು ಇವುಗಳಿಂದ ಆರಂಭವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಪರೀಕ್ಷಿಸಬಲ್ಲ ಇಂದಿನ ಗಣಕಯಂತ್ರಕ್ಕೆ ಅದು ಕೆಲವು ಗಂಟೆಗಳ ಕೆಲಸ. ನೆರೆಯವರಿಗಂತೂ ಆ ಸಂಖ್ಯೆ ಬಾಯಿಪಾಠ! ಅದರ ಬದಲು ಒಂದಕ್ಕೊಂದು ನಂಟಿಲ್ಲದ ನಾಲ್ಕೈದು ಕನ್ನಡ ಪದಗಳನ್ನು, ಗಾಣ, ನವಿಲು, ಏಣಿ, ಕುಂಕುಮ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿರಿ. 63 ಅಕ್ಷರಗಳವರೆಗೆ ಅವಕಾಶವುಂಟು. ಇಲ್ಲಿ ಅಚ್ಚಾದ ನಾಲ್ಕನ್ನು ಮಾತ್ರ ಬಳಸಬೇಡಿರಿ.

“ಕಾಕಾ, ಪಾಸ್‌ವರ್ಡ್ ಕೊಡ್ರೀ” ಎಂದು ಪಕ್ಕದ ಮನೆಯ ಹುಡುಗ ಬಂದು ನಿಂತರೆ ಇಲ್ಲವೆನ್ನಲು ನಮಗೆ ದಾಕ್ಷಿಣ್ಯ. ಅನೇಕ ರೌಟರುಗಳಲ್ಲಿ ಅತಿಥಿಗಳಿಗೆಂದೇ ‘ಗೆಸ್ಟ್’ ಸಂಪರ್ಕವಿರುತ್ತದೆ. ಅದಕ್ಕೂ ಬೇರೆಯೊಂದು ಗುಪ್ತಪದವಿಟ್ಟು, ಹಬ್ಬದ ನೆಂಟರು ಹೋದ ಮೇಲೆ ಬದಲಿಸಬಹುದು. ಆದರೆ ಆ ಸಂಪರ್ಕದಲ್ಲಿ ನಡೆದುದೂ ಯಜಮಾನರ ಲೆಕ್ಕಕ್ಕೇ ಸೇರುವುದರಿಂದ ಗುರುತಿನವರಿಗೆ ಮಾತ್ರ ಕೊಡಿರಿ.

ಗುಪ್ತಪದ ಬದಲಿಸಿದ ಕೂಡಲೇ ಮನೆಯ ಫೋನು, ಟಿ.ವಿ.ಗಳೆಲ್ಲ ಸಂಪರ್ಕ ಕಳೆದುಕೊಳ್ಳುವುವು. ಗಾಬರಿ ಬೇಡ, ಒಂದೊಂದರಲ್ಲೂ ಹೊಸದನ್ನು ಮತ್ತೊಮ್ಮೆ ಬರೆಯಬೇಕು, ಅಷ್ಟೇ.