ಮೊದಲ ಕೋವಿ ಯಾವುದು? ಕಾಯಿದೆಯ ಉತ್ತರವೇ ಬೇರೆ

ಅಂಕೋಲಾ: ಮೊಲ, ಕಾಡುಕೋಳಿಗೆ ಸಾಕಾಗುವಂಥ ಸಣ್ಣ ರೈಫಲ್ ಒಂದನ್ನು ಮೊದಲ ಬಾರಿಗೆ ಕೊಳ್ಳುವುದಾದರೆ ಯಾವುದನ್ನು ಆರಿಸಬೇಕು? ಹೊರದೇಶಗಳಲ್ಲಿ ಬೇಟೆಗೆ ಇಳಿಯುವ ಹೊಸಬರು ಕೇಳುವ ಈ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ, ಪಾಯಿಂಟ್ 22 ರೈಫಲ್. ಅದೇ ಪ್ರಶ್ನೆಯನ್ನು ಅಂಕೋಲಾ ತಾಲೂಕಿನ ಭಾವಿಕೇರಿಯಲ್ಲಿ ನಿಂತು ಕೇಳಿದರೆ ಉತ್ತರ ಹೇಳಬೇಕಾದುದು ಬಂದೂಕಿನ ಅಂಗಡಿಯವನಲ್ಲ, ಎರಡು ಕಾಯಿದೆಗಳು.

ಮೊದಲನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಮೋಜಿನ ಬೇಟೆಗಿದ್ದ ಕೊನೆಯ ಅವಕಾಶವನ್ನೂ 1991ರ ತಿದ್ದುಪಡಿ ಮುಚ್ಚಿತು. 2022ರ ತಿದ್ದುಪಡಿಯ ನಂತರ ಮೊಲ ಮತ್ತು ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿವೆ, ನವಿಲು ಮೊದಲನೆಯದರಲ್ಲಿದೆ. ಮೊಲ ಹೊಡೆದವನಿಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಸಣ್ಣ ಪ್ರಾಣಿ’ ಎಂಬ ರಿಯಾಯಿತಿ ಇಲ್ಲ.

ಎರಡನೆಯದು 1959ರ ಶಸ್ತ್ರಾಸ್ತ್ರ ಕಾಯಿದೆ. ಅದರ 13ನೇ ಕಲಮು ಪಾಯಿಂಟ್ 22 ರೈಫಲನ್ನು ಹೆಸರಿಸಿರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಬೆಳೆ ಕಾಯುವ ರೈತನಿಗೆ ಅದೇ ಕಲಮು ತೋರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಹಳೆಯ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿ.

ಈ ಭೇದಕ್ಕೆ ಅರ್ಥವಿದೆ. ಕೋವಿಯ ಚರೆ ಹರಡಿಕೊಂಡು ಬೇಗ ಸೋಲುತ್ತದೆ. ಪಾಯಿಂಟ್ 22ರ ಗುಂಡು ಕಿರುಬೆರಳ ತುದಿಯಷ್ಟೇ ಇದ್ದರೂ ಒಂದು ಕಿಲೋಮೀಟರಿನಾಚೆಗೂ ಅಪಾಯಕಾರಿ. ಗದ್ದೆ, ಮನೆ, ಕೇರಿ, ರಸ್ತೆ ಒಂದಕ್ಕೊಂದು ತಾಗಿಕೊಂಡಿರುವ ಕರಾವಳಿಯಲ್ಲಿ ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಹೊಡೆಯುವವನು ಮೊದಲೇ ಯೋಚಿಸಿರಬೇಕು.

ಹಾಗಾದರೆ ಏರ್‌ಗನ್? 4.5 ಮಿಲಿಮೀಟರ್ ನಳಿಗೆಯ, 20 ಜೌಲ್ ಮೀರದ ಶಕ್ತಿಯವಕ್ಕೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಅದರಿಂದಲೇ ಅದು ಆಟಿಕೆ ಎಂಬ ಭ್ರಮೆ ಬೆಳೆದಿದೆ. 2025ರಲ್ಲಿ ಇದೇ ಜಿಲ್ಲೆಯ ಶಿರಸಿ ತಾಲೂಕಿನಲ್ಲಿ ಮಂಗ ಓಡಿಸಲೆಂದು ಇರಿಸಿದ್ದ ಏರ್‌ಗನ್ನಿನ ಗುಂಡಿಗೆ ಬಾಲಕನೊಬ್ಬ ಬಲಿಯಾದ. ಮಕ್ಕಳಿರುವ ಮನೆಯಲ್ಲಿ ಇದನ್ನು ಗೋಡೆಗೆ ಒರಗಿಸಿಡುವುದು ಅಕ್ಷಮ್ಯ. ಪರವಾನಗಿ ಬೇಡವೆಂದ ಮಾತ್ರಕ್ಕೆ ಇದರಿಂದ ಮೊಲ ಹೊಡೆಯಬಹುದು ಎಂದೂ ಅರ್ಥವಲ್ಲ.

ಆದರೆ ಬೇಟೆಯ ಚಪಲವಿಲ್ಲದೆ, ಭತ್ತ, ಶೇಂಗಾ ಉಳಿಸಿಕೊಳ್ಳಲು ಕೋವಿ ಕೇಳುವ ರೈತನ ಕಥೆ ಬೇರೆ. ಅರ್ಜಿ, ಪೊಲೀಸ್ ವರದಿ, ಶಸ್ತ್ರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಎಲ್ಲ ಮುಗಿದು ಪರವಾನಗಿ ಕೈಸೇರಿದರೂ ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವ ಆದೇಶ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. (ಹಂದಿಗೆ ನೀತಿ ಸಂಹಿತೆ ಇಲ್ಲ.)

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬೆಳೆ ರಕ್ಷಣೆಯ ಪರವಾನಗಿ ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಹಂದಿ ಕೊಲ್ಲಲು ಕೊಟ್ಟದ್ದಲ್ಲ. ನಿಂತ ಬೆಳೆಗೆ ಅಪಾಯವಾದಾಗ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಹೊಡೆಯಲು ವನ್ಯಜೀವಿ ಕಾಯಿದೆಯ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಆದೇಶ ಬರುವವರೆಗೆ ಹಂದಿ ಗದ್ದೆಯಲ್ಲಿ ಕಾಯುವುದಿಲ್ಲ. ಹೀಗಾಗಿ ಕಾನೂನಿಗೆ ಅಂಜುವ ರೈತನಿಗೆ ಕೋವಿಯಿಂದ ದಕ್ಕುವುದು ಸದ್ದು ಮಾತ್ರ. ಅಂಜದವನು ರಾತ್ರಿ ಕಾಡಿಗೆ ಹೋಗಿ ಬರುತ್ತಾನೆ.

ನೆರೆಯ ಕೇರಳ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಹೊಡೆಯುವ ಕೆಲಸ ಪರವಾನಗಿ ಇರುವ ಕೋವಿದಾರರದ್ದು. ದುರ್ಬಳಕೆಯ ಭಯ ಅಲ್ಲೂ ಇದೆ. ಆದರೂ ನಿರ್ಧಾರ ಗದ್ದೆಯ ಹತ್ತಿರಕ್ಕೆ ಬಂತು. ಕರ್ನಾಟಕವೂ ಕನಿಷ್ಠ ತಾಲೂಕು ಮಟ್ಟದಲ್ಲಿ, ದಿನಗಳೊಳಗೆ ಆದೇಶ ಸಿಗುವಂಥ ಏರ್ಪಾಟು ಮಾಡಬೇಕಿದೆ. ಅಲ್ಲಿಯವರೆಗೆ ಭಾವಿಕೇರಿಯ ಬೆಳೆಗಾರ ಯಾವ ಕೋವಿ ಎಂದು ಯೋಚಿಸುವ ಮೊದಲು ಬೆಳೆಹಾನಿಯ ಫೋಟೊ ಮತ್ತು ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಲೇಸು. ಮುಂದೆ ಪರಿಹಾರ ಕೇಳಲಿ, ಪರವಾನಗಿ ಕೇಳಲಿ, ಅವನ ಕೈಯಲ್ಲಿರುವ ದಾಖಲೆ ಅದೇ.