ಎಲೆ ಕೆಳಗಿಡೋದೂ ಆಟವೇ ಕಣ್ರೀ

ದೀಪಾವಳಿಗೆ ಹಲವಾಗಲಿಗೆ ಹೋಗಿದ್ದೆ. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಸೇರಿತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಜಿಲ್ಲೆ ಇಷ್ಟು ಸಲ ಬದಲಾದರೂ ಹಬ್ಬದ ಇಸ್ಪೀಟು ಮಾತ್ರ ಬದಲಾಗಿಲ್ಲ :)

ನಗು ಅಲ್ಲಿಗೇ ಮುಗೀತು. ಚಿಕ್ಕಪ್ಪನ ಮಗ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಹದಿನೆಂಟು ಸಾವಿರ ಒಂದೇ ರಾತ್ರಿ ಮೂರೆಲೆಗೆ ಹಾಕಿ ಬಂದಿದ್ದ. ಬೈಯಲು ಹೋದರೆ ನನಗೇ ತಿರುಗಿಸಿದ.

"ಯಣ್ಣಾ, ನೀನೂ ಬೆಂಗಳೂರಾಗ ಪೋಕರ್ ಆಡ್ತಿದ್ದಿ. ಇಸ್ಪೀಟು ಬುದ್ಧಿ ಆಟ ಅಂತ ಕೋರ್ಟೇ ಹೇಳೇತಿ. ನೀ ಆಡಿದ್ರ ಬುದ್ಧಿ, ನಾವಾಡಿದ್ರ ಜೂಜಾ?"

ಚುಚ್ಚಿತು. ಆದ್ದರಿಂದಲೇ ಇದನ್ನು ಬರೀತಿದ್ದೀನಿ.

ಮೊದಲು ಕೋರ್ಟಿನ ಮಾತು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದದ್ದು ನಿಜ. ಆದರೆ ಅದೇ ತೀರ್ಪು ರಮ್ಮಿಯು ಮೂರೆಲೆಯ ಹಾಗೆ ಪೂರ್ತಿ ಅದೃಷ್ಟದ ಆಟವಲ್ಲ ಎಂದೂ ಹೇಳಿದೆ. ಅರ್ಧ ತೀರ್ಪು ಜೇಬಲ್ಲಿಟ್ಟುಕೊಂಡು ಕಟ್ಟೆ ಮೇಲೆ ಕೂರೋರಿಗೆ ಈ ಇನ್ನರ್ಧ ಯಾರೂ ಹೇಳೋದಿಲ್ಲ! ಅಂದರ್ ಬಾಹರ್ ಅಂತೂ ಬಿಡಿ. ದುಡ್ಡು ಇಟ್ಟ ಮೇಲೆ ನೀವು ತೆಗೆದುಕೊಳ್ಳುವ ತೀರ್ಮಾನವೇ ಇಲ್ಲ, ಎಲೆ ಬೀಳೋದನ್ನು ನೋಡ್ತಾ ಕೂರೋದಷ್ಟೇ. ಅದರಲ್ಲಿ ಬುದ್ಧಿ ಎಲ್ಲಿಂದ ಬಂತು?

ಇನ್ನು ನನ್ನ ಪೋಕರ್. ನಾನು ಆಡುತ್ತಿದ್ದದ್ದು ಟೂರ್ನಮೆಂಟ್. ಶುರುವಿನಲ್ಲಿ ಒಂದು ಸಲ ದುಡ್ಡು ಕಟ್ಟಿದರೆ ಬಿಲ್ಲೆ ಕೊಡುತ್ತಾರೆ, ಬಿಲ್ಲೆ ಮುಗಿದರೆ ಮನೆಗೆ. ಮೊದಮೊದಲು ನಾನೂ ಭಂಡ ಧೈರ್ಯದವನೇ. ಒಳ್ಳೆ ಎಲೆ ಬಂತಾ, ಇದ್ದ ಬಿಲ್ಲೆಯೆಲ್ಲ ಮುಂದಕ್ಕೆ. ಪ್ರತಿ ಸಲ ಊಟದ ಹೊತ್ತಿಗೆ ಹೊರಗೆ.

ಒಂದು ದಿನ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಎದುರಿನವನ ಹತ್ತಿರ ನನ್ನಷ್ಟೇ ಬಿಲ್ಲೆ ಇದೆ, ನಾನು ಗೆಲ್ಲುವ ಸಾಧ್ಯತೆ ನೂರಕ್ಕೆ 80 ಅನ್ನಿ. ಭರ್ಜರಿ ಅಲ್ವಾ? ಹೀಗೆ ಐದು ಸಲ ಎಲ್ಲವನ್ನೂ ಪಣಕ್ಕಿಟ್ಟರೆ ಐದೂ ಸಲ ಉಳಿಯುವ ಸಾಧ್ಯತೆ ನೂರಕ್ಕೆ ಬರೀ 33. ನೂರಕ್ಕೆ 60 ಇದ್ದರಂತೂ 8ಕ್ಕೂ ಕಡಿಮೆ. ಜೋಡಿ ಎಕ್ಕ ಬರೋದು ಸರಾಸರಿ 221 ಸಲಕ್ಕೊಮ್ಮೆ. ಅಂದರೆ ಹೆಚ್ಚಿನ ಹೊತ್ತು ಮಾಡಬೇಕಾದ ಕೆಲಸ ಒಂದೇ: ಎಲೆ ಕೆಳಗಿಟ್ಟು ಸುಮ್ಮನೆ ಕೂರೋದು.

ಕಲಿತೆ. ಹೆಚ್ಚು ಹೊತ್ತು ಉಳಿಯತೊಡಗಿದೆ. ಶ್ರೀಮಂತನಾದೆನಾ? ಇಲ್ಲ ಸ್ವಾಮಿ. ಕಟ್ಟಿದ ದುಡ್ಡಲ್ಲಿ ಕ್ಲಬ್ಬಿನ ಪಾಲು ಆಟಕ್ಕೆ ಮೊದಲೇ ಹೋಗಿರುತ್ತಿತ್ತು. ಎಚ್ಚರಿಕೆಯಿಂದ ಸಿಕ್ಕಿದ್ದು ಲಾಭ ಅಲ್ಲ, ಕಳೆದುಕೊಳ್ಳೋದು ಕಡಿಮೆಯಾಯಿತು ಅಷ್ಟೇ. ಲೆಕ್ಕ ಇನ್ನಷ್ಟು ಬಿಗಿ ಮಾಡಿದಾಗ ಗೊತ್ತಾಯಿತು, ನನ್ನ ಮಟ್ಟಿಗೆ ಅತ್ಯಂತ ಎಚ್ಚರದ ಆಟ ಅಂದರೆ ಆ ಮೇಜಿಗೆ ಹೋಗದಿರೋದು. ಬಿಟ್ಟೆ.

ನನ್ನ ಸಿಟ್ಟು ತಮ್ಮನ ಮೇಲಲ್ಲ. ಎಲೆ ಕೆಳಗಿಟ್ಟವನನ್ನು "ಪುಕ್ಕಲ" ಅನ್ನೋ ನಮ್ಮ ಕಟ್ಟೆಗಳ ಮೇಲೆ. "ಗಂಡಸಾದ್ರ ಇನ್ನೊಂದಾಟ ಆಡು" ಅನ್ನೋ ದೊಡ್ಡವರ ಮೇಲೆ. "ಹಬ್ಬದಾಗ ಆಡಿದ್ರ ಲಕ್ಷ್ಮಿ ಬರ್ತಾಳ" ಅನ್ನೋರ ಮೇಲೆ. ಧರ್ಮರಾಯನನ್ನೇ ನೋಡಿ. ಮೊದಲ ಸಲ ಎಲ್ಲ ಸೋತ, ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ, ಆದರೂ ಮತ್ತೆ ಕರೆದಾಗ ಹೋಗಿ ಕೂತ. ಅವನಿಗೆ ದಾಳ ಆಡೋಕೆ ಬರ್ತಿರಲಿಲ್ಲ ಅಂತೀವಿ. ನಿಜವಾಗಿ ಅವನಿಗೆ ಏಳೋಕೆ ಬರ್ತಿರಲಿಲ್ಲ.

ಕಾನೂನು ನೋಡಿಕೊಳ್ಳುತ್ತೆ ಅಂತೀರಾ? ರಾಜ್ಯದ 2021ರ ಆನ್‌ಲೈನ್ ಜೂಜು ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಕಾಯ್ದೆ ಪಾಸು ಮಾಡಿತು. ಒಳ್ಳೆಯದೇ. ಆದರೆ ನಮ್ಮೂರ ಆಟಕ್ಕೆ ಮೊಬೈಲೂ ಬೇಡ, ನೆಟ್‌ವರ್ಕೂ ಬೇಡ. ಒಂದು ಕಂಬಳಿ ಸಾಕು.

ತಮ್ಮನಿಗೆ ಕೊನೆಗೆ ಇಷ್ಟೇ ಹೇಳಿದೆ: "ನನ್ನ ಟೂರ್ನಮೆಂಟಿನಾಗ ಕಳಕೊಳ್ಳೋಕೆ ಒಂದು ಮಿತಿ ಇತ್ತಪ್ಪ. ನಿನ್ನ ಆಟಕ್ಕ ಮಿತಿ ಎಲ್ಲೈತಿ? ಹೊಲದ ಅಂಚಾ?"

ಅವನು ಮಾತಾಡಲಿಲ್ಲ. ಒಳಗೆ ಚಿಕ್ಕಮ್ಮ ಮುಂದಿನ ಗೊಬ್ಬರದ ಲೆಕ್ಕ ಹಾಕ್ತಿದ್ದರು.

ನೀವೇ ಹೇಳಿ, ಪುಕ್ಕಲ ಯಾರು?