ಹುಟ್ಟಿದ್ದು ಬೈಲಕುಪ್ಪೆ, ದಾಖಲೆಯಲ್ಲಿ ‘ವಿದೇಶಿ’: ಟಿಬೆಟಿಯನ್ನರ ಪೌರತ್ವದ ಲೆಕ್ಕ ಏನು?

ಪಿರಿಯಾಪಟ್ಟಣ: ಆರ್‌ಸಿ ಅಂದ್ರೆ ತಾಲ್ಲೂಕಿನ ಜನಕ್ಕೆ ಮೊದಲು ನೆನಪಾಗೋದು ಗಾಡಿಯ ಆರ್‌ಸಿ. ಬೈಲಕುಪ್ಪೆ ಕ್ಯಾಂಪಿನಲ್ಲಿ ಮಾತ್ರ ಆರ್‌ಸಿ ಅಂದ್ರೆ ಮನುಷ್ಯರದ್ದು. ಅದು ವಿದೇಶಿಯರ ನೋಂದಣಿ ಪತ್ರ. ಇಲ್ಲೇ ಹುಟ್ಟಿ, ಇಲ್ಲೇ ಓದಿ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವವರೂ ಅವಧಿ ಮುಗಿಯುವ ಮೊದಲು ಅದನ್ನು ನವೀಕರಿಸಿಕೊಳ್ಳಬೇಕು. ಜಿಲ್ಲೆಯಲ್ಲಿ ಈ ನೋಂದಣಿ ಬರುವುದು ಪೊಲೀಸ್ ವರಿಷ್ಠಾಧಿಕಾರಿಗಳ ಕೆಳಗೆ.

1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಕಾಡು ಜಾಗ ಕೊಟ್ಟು ಇವರನ್ನು ಇಲ್ಲಿ ನೆಲೆಗೊಳಿಸಿತು. ಆಮೇಲೆ ಮುಂಡಗೋಡ, ಹುಣಸೂರು ಬಳಿಯ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯದಲ್ಲೂ ಕ್ಯಾಂಪುಗಳಾದವು. ಅರವತ್ತು ವರ್ಷ ದಾಟಿದರೂ ‘ಇವರು ಭಾರತೀಯರಾ, ಅಲ್ವಾ?’ ಅನ್ನುವ ಪ್ರಶ್ನೆ ಅಂಗಡಿ ಕಟ್ಟೆಗಳಲ್ಲಿ ಇನ್ನೂ ಕೇಳಿಬರುತ್ತೆ. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಎಲ್ಲಾ ನಿಂತಿರೋದು ಹುಟ್ಟಿದ ತಾರೀಖಿನ ಮೇಲೆ.

ಒಂದೇ ಮನೆ, ಮೂರು ಲೆಕ್ಕ

1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ತಂದೆ ತಾಯಿ ಯಾವ ದೇಶದವರು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಆ ದಿನದಿಂದ 3 ಡಿಸೆಂಬರ್ 2004ರ ಮೊದಲು ಹುಟ್ಟಿದವರಾದರೆ ಅಪ್ಪ ಅಮ್ಮನಲ್ಲಿ ಒಬ್ಬರು ಭಾರತೀಯ ಪ್ರಜೆ ಆಗಿರಬೇಕು. ಅದರ ನಂತರದವರಿಗೆ ನಿಯಮ ಇನ್ನೂ ಬಿಗಿ: ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆ ಆಗಿದ್ದು ಇನ್ನೊಬ್ಬರು ‘ಅಕ್ರಮ ವಲಸಿಗ’ ಆಗಿರಬಾರದು.

ಇದನ್ನು ಒಂದು ಮನೆಗೆ ಹಾಕಿ ನೋಡಿದರೆ ಸುಲಭ. ಅಜ್ಜ 1959ರಲ್ಲಿ ಟಿಬೆಟ್‌ನಿಂದ ಬಂದವರು ಅಂದುಕೊಳ್ಳಿ. ಅವರು ಹುಟ್ಟಿನಿಂದ ಪ್ರಜೆ ಅಲ್ಲ. ಮಗ 1978ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದ್ದಾನೆ, ಹಾಗಾಗಿ ಆತ ಪ್ರಜೆ. 1998ರಲ್ಲಿ ಹುಟ್ಟಿದ ಮೊಮ್ಮಗಳು ಅಪ್ಪನ ಕಾರಣಕ್ಕೆ ಪ್ರಜೆ. ಆದರೆ 2008ರಲ್ಲಿ ಹುಟ್ಟಿದ ಮೊಮ್ಮಗನ ವಿಷಯದಲ್ಲಿ ತಾಯಿಯ ದಾಖಲೆಯನ್ನೂ ನೋಡಬೇಕಾಗುತ್ತೆ. ತಾಯಿ ಕಾಗದ ಪತ್ರ ಇಲ್ಲದೆ ಗಡಿ ದಾಟಿ ಬಂದವರಾಗಿದ್ದರೆ ಒಡಹುಟ್ಟಿದವರ ನಡುವೆಯೇ ವ್ಯತ್ಯಾಸ.

ಕೋರ್ಟ್ ಹೇಳಿದ್ದು ಏನು?

ಕಾಯ್ದೆ ಹೀಗಿದ್ದರೂ ಪಾಸ್‌ಪೋರ್ಟ್ ಕಚೇರಿಗಳು ಒಪ್ಪುತ್ತಿರಲಿಲ್ಲ. ಆರ್‌ಸಿ ತಗೊಂಡಿದ್ದೀರಿ, ಹಾಗಾಗಿ ನೀವು ವಿದೇಶಿಯರು ಅನ್ನುವುದು ವಾದ. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ಇದನ್ನು ತಳ್ಳಿಹಾಕಿತು. ಅರ್ಜಿಯಲ್ಲಿ ‘ಟಿಬೆಟಿಯನ್’ ಅಂತ ಬರೆದ ಮಾತ್ರಕ್ಕೆ ಹುಟ್ಟಿನಿಂದ ಬಂದ ಪೌರತ್ವ ಹೋಗೋದಿಲ್ಲ ಅನ್ನುವುದು ತೀರ್ಪಿನ ಸಾರ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಲಿಂಗ್ ರಿಂಪೋಚೆ ಅವರ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ, ಈ ಅವಧಿಯಲ್ಲಿ ಹುಟ್ಟಿದವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಿದ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಒಪ್ಪಿತು.

ಷರತ್ತಿನಲ್ಲಿದೆ ಕಷ್ಟ

ಒಪ್ಪಿಗೆ ಬಂತು, ಜೊತೆಗೆ ಷರತ್ತೂ ಬಂತು. ಆರ್‌ಸಿ ಮತ್ತು ಪ್ರಯಾಣಕ್ಕೆ ಕೊಡುವ ಗುರುತಿನ ಪುಸ್ತಕ ವಾಪಸ್ ಮಾಡಬೇಕು. ಟಿಬೆಟಿಯನ್ ಆಡಳಿತದಿಂದ ಸಿಗುವ ಸೌಲಭ್ಯ, ಆರ್‌ಸಿಯಿಂದ ಬರುವ ಸಬ್ಸಿಡಿ ಬಿಡಬೇಕು. ಎಲ್ಲಕ್ಕಿಂತ ದೊಡ್ಡದು, ಗೊತ್ತುಪಡಿಸಿದ ಟಿಬೆಟಿಯನ್ ಕ್ಯಾಂಪಿನಲ್ಲಿ ವಾಸ ಇರಬಾರದು.

ಕ್ಯಾಂಪಿನ ಜಮೀನು ಯಾರ ಸ್ವಂತದ್ದೂ ಅಲ್ಲ, ಸರ್ಕಾರ ಕೊಟ್ಟಿದ್ದು. ಕಾನೂನು ಪ್ರಕಾರ ಪ್ರಜೆ ಆಗಿರುವ ವ್ಯಕ್ತಿ, ಆ ಹಕ್ಕಿನ ಪುಸ್ತಕ ಕೈಗೆ ಬರಬೇಕಾದರೆ ಅಪ್ಪ ಕಟ್ಟಿದ ಮನೆ, ಜೋಳದ ಹೊಲ, ಪಕ್ಕದ ಗುಂಪಾ ಬಿಟ್ಟು ಹೊರಗೆ ಬಾಡಿಗೆ ಮನೆ ಹುಡುಕಬೇಕು. ವಯಸ್ಸಾದ ತಂದೆ ತಾಯಿ ಆರ್‌ಸಿಯಲ್ಲೇ ಒಳಗೆ, ಮಗ ಪಾಸ್‌ಪೋರ್ಟ್ ಹಿಡಿದು ಹೊರಗೆ. ಎಷ್ಟೋ ಮಂದಿ ಹಕ್ಕಿದ್ದರೂ ಅರ್ಜಿ ಹಾಕದೆ ಇರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಮನಸ್ಸಿನದ್ದು: ನಿರಾಶ್ರಿತ ಅನ್ನುವ ಗುರುತು ಬಿಟ್ಟರೆ ಟಿಬೆಟ್‌ನ ಹೋರಾಟ ದುರ್ಬಲ ಆಗುತ್ತೆ ಅನ್ನುವ ಅಳುಕು ಹಿರಿಯರಲ್ಲಿದೆ.

ಅಜ್ಜನಿಗೆ ದಾರಿ ಇದೆಯಾ?

ಇಲ್ಲಿ ಹುಟ್ಟದವರಿಗೆ ಉಳಿದಿರೋದು ‘ದೇಶೀಕರಣ’, ಅಂದ್ರೆ ಅರ್ಜಿ ಹಾಕಿ ಪೌರತ್ವ ಪಡೆಯೋದು. ಅರ್ಜಿಗೆ ಮುಂಚಿನ 12 ತಿಂಗಳು ಸತತವಾಗಿ, ಅದರ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ಭಾರತದಲ್ಲಿ ಇದ್ದಿರಬೇಕು. ನಡತೆ ಒಳ್ಳೆಯದಿರಬೇಕು. ಸಂವಿಧಾನದ 8ನೇ ಪರಿಚ್ಛೇದದ ಒಂದು ಭಾಷೆ ಗೊತ್ತಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಅರವತ್ತು ವರ್ಷ ಇಲ್ಲೇ ಬಾಳಿದವರಿಗೆ ಇದೆಲ್ಲಾ ದೊಡ್ಡದಲ್ಲ. ಆದರೆ ದಾಖಲೆ ಇಲ್ಲದೆ ಬಂದವರು ‘ಅಕ್ರಮ ವಲಸಿಗ’ ಅನ್ನುವ ವ್ಯಾಖ್ಯೆಗೆ ಸಿಕ್ಕಿಕೊಳ್ಳಬಹುದು. ಅರ್ಹತೆ ಇದ್ದರೂ ಕೊಡೋದು ಬಿಡೋದು ಕೇಂದ್ರದ ವಿವೇಚನೆ.

ಬೌದ್ಧರಿಗೆ ಸಿಎಎ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. 2019ರ ಆ ತಿದ್ದುಪಡಿ ಇರೋದು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ. ಟಿಬೆಟ್ ಅದರಲ್ಲಿ ಇಲ್ಲ. 1 ಸೆಪ್ಟೆಂಬರ್ 2025ರಿಂದ ಜಾರಿಯಾದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಕೂಡ ನೋಂದಣಿ ವ್ಯವಸ್ಥೆಗೆ ಸಂಬಂಧಿಸಿದ್ದು. ಪೌರತ್ವದ ನಿಯಮ ಅದರಿಂದ ಬದಲಾಗಿಲ್ಲ.

ಪೇಟೆಗೆ ಏನು ಸಂಬಂಧ?

ಸಂಬಂಧ ಇದೆ. ಕುಶಾಲನಗರ, ಬೈಲಕುಪ್ಪೆ, ಕೊಪ್ಪದ ದಿನಸಿ ಅಂಗಡಿ, ಗೊಬ್ಬರದ ಅಂಗಡಿ, ಆಟೊ, ಹೋಟೆಲ್ ಎಲ್ಲದರ ವ್ಯಾಪಾರದಲ್ಲಿ ಕ್ಯಾಂಪಿನ ಪಾಲಿದೆ. ಗೋಲ್ಡನ್ ಟೆಂಪಲ್ ನೋಡಲು ಬರುವ ಪ್ರವಾಸಿಗರ ದುಡ್ಡೂ ಇದೇ ಪೇಟೆಗಳಲ್ಲಿ ಓಡಾಡುತ್ತೆ. ಕ್ಯಾಂಪಿನ ಯುವಕರು ಅಮೆರಿಕ, ಕೆನಡಾ, ಯುರೋಪಿನ ದಾರಿ ಹಿಡಿಯುತ್ತಿರುವುದು ಹೊಸ ಸುದ್ದಿ ಅಲ್ಲ. ಇಲ್ಲಿ ‘ವಿದೇಶಿ’ ಆಗಿ ಉಳಿಯುವುದಕ್ಕಿಂತ ಅಲ್ಲಿ ಕೆಲವೇ ವರ್ಷದಲ್ಲಿ ಪ್ರಜೆ ಆಗಬಹುದು ಅನ್ನುವ ಲೆಕ್ಕ ಅದರ ಹಿಂದಿದೆ. ಹಾಗೆ ಹೋದವರ ಮನೆಗೆ ಬೀಗ ಬಿದ್ದರೆ, ಪೇಟೆಗೆ ಒಬ್ಬ ಗಿರಾಕಿ ಕಡಿಮೆ.

ಸದ್ಯಕ್ಕೆ ಎರಡು ಕೆಲಸ ಯಾರೂ ಮಾಡಿಕೊಳ್ಳಬಹುದು. 1987ಕ್ಕೆ ಮುಂಚೆ ಹುಟ್ಟಿದವರು, ಅವರ ಮಕ್ಕಳು ಜನನ ಪ್ರಮಾಣಪತ್ರ ಮೊದಲು ಸರಿಮಾಡಿಸಿಕೊಳ್ಳಬೇಕು, ಹೆಸರು ತಾರೀಖು ಎಲ್ಲಾ ಕಾಗದದಲ್ಲೂ ಒಂದೇ ಇರಬೇಕು. ಆರ್‌ಸಿ ವಾಪಸ್ ಕೊಡುವ ಮುನ್ನ ಮನೆ, ಜಮೀನಿನ ಗತಿ ಏನು ಅಂತ ವಕೀಲರನ್ನು ಕೇಳಬೇಕು. ಉಳಿದಿದ್ದು ಸರ್ಕಾರದ ಕೈಯಲ್ಲಿದೆ: ಕೋರ್ಟ್ ಒಪ್ಪಿದ ಪ್ರಜೆ ಹುಟ್ಟಿದ ಮನೆಯಲ್ಲೇ ಉಳಿಯುವುದಕ್ಕೆ ಒಂದು ದಾರಿ ಮಾಡಿಕೊಡುವುದು.